ಕಾಲು ಮುಟ್ಟಿದ್ದೆ, ನೋಡಿರಲಿಲ್ಲ

ಅಪ್ಪನ ಶುಗರ್‌ಗೆ ನಾನೊಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಖಾಲಿ ಹೊಟ್ಟೆಯದ್ದಕ್ಕೆ ಒಂದು ಕಾಲಮ್, ಊಟ ಆದ ಮೇಲಿನದ್ದಕ್ಕೆ ಇನ್ನೊಂದು, ಮೂರು ತಿಂಗಳ ಸರಾಸರಿಗೆ ಮತ್ತೊಂದು. ಮಿತಿ ದಾಟಿದರೆ ಸೆಲ್ ತಾನಾಗಿ ಕೆಂಪಾಗುತ್ತಿತ್ತು. ಹುಲಕೋಟಿಯಿಂದ ಅವ್ವ ಫೋನಿನಲ್ಲಿ ನಂಬರ್ ಹೇಳೋದು, ಬೆಂಗಳೂರಿನಲ್ಲಿ ಕೂತು ನಾನು ತುಂಬೋದು. ಮೂರು ವರ್ಷದ ಡೇಟಾ. ಆಫೀಸಿನಲ್ಲಿ ಒಬ್ಬ ಗೆಳೆಯನಿಗೆ ತೋರಿಸಿ, "ರಿಮೋಟ್ ಮಾನಿಟರಿಂಗ್ ಅಂದ್ರ ಇದು ನೋಡು" ಅಂತ ಜಂಬ ಕೊಚ್ಚಿದ್ದೂ ಇದೆ.

ಆ ಶೀಟಿನಲ್ಲಿ ಕಾಲಿಗೆ ಅಂತ ಒಂದು ಕಾಲಮ್ ಇರಲಿಲ್ಲ.

ವಾರಕ್ಕೆ ಎರಡು ಸಲ ವಿಡಿಯೊ ಕಾಲ್ ಮಾಡುತ್ತಿದ್ದೆ. ಅಪ್ಪ ಫೋನನ್ನು ಮುಖಕ್ಕೆ ಎಷ್ಟು ಹತ್ತಿರ ಹಿಡಿಯುತ್ತಿದ್ದ ಅಂದರೆ ಹಣೆಯ ವಿಭೂತಿ, ಒಂದು ಕಣ್ಣು, ಅರ್ಧ ಮೀಸೆ ಮಾತ್ರ ಕಾಣುತ್ತಿತ್ತು. ಮುಖ ನೋಡಿದೆ, ಅಪ್ಪ ಆರಾಮಿದ್ದಾನೆ ಅಂತ ಫೋನ್ ಇಡುತ್ತಿದ್ದೆ. ಸಕ್ಕರೆ ಕಾಯಿಲೆ ಮುಖದಲ್ಲಿ ಕಾಣಿಸಿಕೊಳ್ಳುವುದಿಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ಅದು ಹೆಸರು ಬಿಡಿಸೋ ದಿನಗಳು. ಒಂದು ಬೆಳಿಗ್ಗೆ ಕಸ ಹೊಡೆಯುವಾಗ ಅವ್ವನಿಗೆ ಪಡಸಾಲೆಯ ನೆಲದ ಮೇಲೆ ಕೆಂಪು ಕಲೆ ಕಂಡಿದೆ. ಕುಂಕುಮ ಚೆಲ್ಲಿರಬೇಕು ಅಂತ ಒರೆಸಿದ್ದಾಳೆ. ಮರುದಿನ ಮತ್ತೆ ಕಲೆ. ಈ ಸಲ ಸರಿಯಾಗಿ ನೋಡಿದರೆ ಬಚ್ಚಲಿನಿಂದ ಅಪ್ಪ ಕೂಡೋ ಕುರ್ಚಿಯತನಕ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಕಲೆ ಬಿದ್ದಿತ್ತು.

"ಸ್ವಲ್ಪ ಕಾಲ ಎತ್ರಿ" ಅಂದಿದ್ದಾಳೆ.

ಬಲಗಾಲಿನ ಅಂಗಾಲಿನಲ್ಲಿ, ಎರಡನೇ ಬೆರಳಿನ ಬುಡಕ್ಕೆ, ರೂಪಾಯಿ ಅಗಲದ ಆಣಿ. ಅದರ ನಡುವೆ ತೂತು. ಬಾಗಿಲ ಹೊರಗಿದ್ದ ಚಪ್ಪಲಿ ಎತ್ತಿ ನೋಡಿದರೆ, ತಳ ತೂರಿಕೊಂಡು ಬಂದ ಜಾಲಿ ಮುಳ್ಳಿನ ತುದಿ ಒಳಗೆ ಎದ್ದು ನಿಂತಿತ್ತು. ಆ ಚಪ್ಪಲಿ ಹಾಕಿಕೊಂಡು ಅಪ್ಪ ಎಷ್ಟು ದಿನ ಹೊಲಕ್ಕೆ ಹೋಗಿ ಬಂದಿದ್ದ ಅನ್ನೋದು ಅವನಿಗೇ ಗೊತ್ತಿರಲಿಲ್ಲ.

ಫೋನಿನಲ್ಲಿ ನಾನು ಗಾಬರಿಯಾದರೆ ಅಪ್ಪ ನಕ್ಕ. "ಏನಾಗಿಲ್ಲ ಬಿಡೋ ತಮ್ಮಾ. ನೋವ ಇದ್ರ ನನಗ ಗೊತ್ತಾಗ್ತಿರಲಿಲ್ಲೇನು?"

ಆ ಪ್ರಶ್ನೆಯಲ್ಲೇ ಇಡೀ ಕಾಯಿಲೆ ಇತ್ತು. ನನಗೆ ಕೇಳಿಸಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು ಅಪ್ಪ ಒಂದು ಮಾತು ಹೇಳಿದ್ದ: "ಯಾಕೋ ಇತ್ತೀಚಿಗೆ ನಡದ್ರ ಹತ್ತಿ ಮ್ಯಾಲ ನಡದಂಗ ಆಗತೈತಿ." ನಾವೆಲ್ಲ ನಕ್ಕಿದ್ದೆವು. ಜೀವನಪೂರ್ತಿ ಹತ್ತಿ ಬೆಳೆದ ಮನುಷ್ಯನಿಗೆ ಬೇರೆ ಏನು ಹೋಲಿಕೆ ಹೊಳೆಯಬೇಕು ಅಂತ. ಅದು ಹೋಲಿಕೆಯಲ್ಲ, ರೋಗಲಕ್ಷಣ. ಬಹಳ ವರ್ಷ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ನರಗಳು ಹಾಳಾಗುತ್ತವೆ. ದೇಹದ ಅತಿ ಉದ್ದದ ನರಗಳು ಪಾದಕ್ಕೆ ಹೋಗೋವು, ಹಾಗಾಗಿ ಪೆಟ್ಟು ಮೊದಲು ಬೀಳೋದೂ ಅಲ್ಲೇ. ಮುಟ್ಟಿದ್ದು, ಸುಟ್ಟಿದ್ದು, ಚುಚ್ಚಿದ್ದು ಒಂದೊಂದೇ ಗೊತ್ತಾಗದಂತಾಗುತ್ತದೆ. ಪಾದದಲ್ಲಿ ಬೆವರು ನಿಂತು ಚರ್ಮ ಒಣಗಿ ಬಿರಿಯುತ್ತದೆ. ಪಾದದೊಳಗಿನ ಸಣ್ಣ ಸ್ನಾಯುಗಳು ಸೋತು ಬೆರಳು ಕೊಕ್ಕೆಯಂತೆ ಬಾಗುತ್ತವೆ, ಮೈಭಾರವೆಲ್ಲ ಅಂಗಾಲಿನ ಒಂದೆರಡು ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಆಣಿ ಕಟ್ಟುತ್ತದೆ. ಚಪ್ಪಲಿಯೊಳಗೆ ಕಲ್ಲು ಸಿಕ್ಕಿಕೊಂಡ ಹಾಗೆ ಆ ಆಣಿಯೇ ಒಳಗಿನ ಮಾಂಸವನ್ನು ಒತ್ತಿ ಒತ್ತಿ ಹುಣ್ಣು ಮಾಡುತ್ತದೆ. ಮುಳ್ಳು ಬರೀ ಬಾಗಿಲು ತೆರೆಯಿತು. ಒಳಗೆ ತಯಾರಿ ವರ್ಷಗಳಿಂದ ನಡೆದಿತ್ತು.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನಾನು ಇಂಜಿನಿಯರ್ ಅಲ್ಲವೇ, ಸಮಸ್ಯೆ ಅಂದ ಕೂಡಲೇ ಟೂಲ್ ಹುಡುಕಿದೆ. ಬೆಂಗಳೂರಿನಿಂದ ದುಬಾರಿ ಮುಲಾಮು ಕಳಿಸಿದೆ. ಬೆಳ್ಳಿಯ ಅಂಶ ಇರೋ ಡ್ರೆಸಿಂಗ್ ಕಳಿಸಿದೆ. ಹೊಸ ಗ್ಲೂಕೊಮೀಟರ್ ಕಳಿಸಿದೆ. ಸಮೀಪದ ಒಂದು ದವಾಖಾನೆಯಲ್ಲಿ ದಿನ ಬಿಟ್ಟು ದಿನ ಪಟ್ಟಿ ಬದಲಿಸಲು ವ್ಯವಸ್ಥೆ ಮಾಡಿದೆ. ಅಪ್ಪ ಶಿಸ್ತಿನ ಮನುಷ್ಯ, ಒಂದು ದಿನವೂ ತಪ್ಪಿಸಲಿಲ್ಲ. ದವಾಖಾನೆಗೆ ನಡೆದುಕೊಂಡೇ ಹೋದ, ನಡೆದುಕೊಂಡೇ ಬಂದ. ಅಲ್ಲಿಂದ ಸೀದಾ ಹೊಲಕ್ಕೆ. ಐದು ವಾರ ಹೀಗೇ ನಡೆಯಿತು. ಹುಣ್ಣಿಗೆ ಏನು ಹಚ್ಚಬೇಕು ಅಂತ ಎಲ್ಲರೂ ಹೇಳಿದರು. ಆ ಕಾಲಿನ ಮೇಲೆ ನಿಲ್ಲಬೇಡ ಅಂತ ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಐದನೇ ವಾರ ಅವ್ವ ಫೋನ್ ಮಾಡಿ, "ವಾಸನಿ ಬರಾಕತ್ತೈತಿ" ಅಂದಳು. ಬೆರಳು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ರಾತ್ರಿ ಬಸ್ ಹತ್ತಿದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಹುಣ್ಣನ್ನು ನೋಡಲೇ ಇಲ್ಲ. ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿ, ಮೀನಿನ ಗಾಳದ ದಾರದಂಥ ಒಂದು ನೈಲಾನ್ ಎಳೆ ತೆಗೆದುಕೊಂಡರು. ಅದನ್ನು ಒತ್ತಿದಾಗ ಬಾಗುವಷ್ಟು ಬಲ 10 ಗ್ರಾಂ, ಅಷ್ಟೇ. ಮುಟ್ಟಿದ್ದು ಗೊತ್ತಾದಾಗ "ಹೂಂ" ಅನ್ನಬೇಕು. ಒಂದು ಬೆರಳು, ಇನ್ನೊಂದು ಬೆರಳು, ಅಂಗಾಲು, ಆ ಕಡೆಯ ಪಾದ. ಡಾಕ್ಟರ್ ಮುಗಿಸಿ ಎಳೆಯನ್ನು ಡಬ್ಬಿಯಲ್ಲಿಟ್ಟರು. ಅಪ್ಪ ಇನ್ನೂ ಕಣ್ಣು ಮುಚ್ಚಿಕೊಂಡೇ ಕೇಳಿದ: "ಯಾವಾಗ ಮುಟ್ಟತೀರಿ ಡಾಕ್ಟ್ರ?"

ನಾನು ಕಿಟಕಿ ಕಡೆ ತಿರುಗಿದೆ.

ಆಮೇಲೆ ಪಾದದ ನಾಡಿ ಹಿಡಿದು ನೋಡಿದರು. ರಕ್ತ ಚೆನ್ನಾಗಿ ಹರಿಯುತ್ತಿದೆ, ಅದೇ ಪುಣ್ಯ ಅಂದರು. ಬ್ಲೇಡು ತೆಗೆದುಕೊಂಡು ಆಣಿ, ಸತ್ತ ಮಾಂಸ ಕತ್ತರಿಸಿ ತೆಗೆದರು. ಅರಿವಳಿಕೆಯ ಇಂಜೆಕ್ಷನ್ ಇಲ್ಲ. ಅಪ್ಪ ಪಕ್ಕದ ಹಾಸಿಗೆಯವನ ಜೊತೆ ಹತ್ತಿ ರೇಟಿನ ಬಗ್ಗೆ ಮಾತಾಡುತ್ತಿದ್ದ. ತೂತಿನೊಳಗೆ ಲೋಹದ ಸಣ್ಣ ಕಡ್ಡಿ ಇಳಿಸಿದಾಗ ತಳದಲ್ಲಿ ಗಟ್ಟಿಯಾಗಿ ಏನೋ ತಾಗಿತು. ಮೂಳೆ. ಸೋಂಕು ಮೂಳೆಗೆ ಇಳಿದಿರೋ ಅನುಮಾನಕ್ಕೆ ಅಷ್ಟು ಸಾಕು. ಎಕ್ಸರೇ ಅದನ್ನೇ ಹೇಳಿತು. ಎರಡು ದಿನಕ್ಕೆ ಆ ಬೆರಳು ತೆಗೆದರು.

"ಹತ್ತರಾಗ ಒಂದ ಹೋತು. ಹೋಗ್ಲಿ ಬಿಡು" ಅಂದ ಅಪ್ಪ. ಅವ್ವ ಅಳಲಿಲ್ಲ. ಬೆರಳನ್ನು ಏನು ಮಾಡಿದರು ಅಂತ ಮಾತ್ರ ನರ್ಸಮ್ಮನನ್ನು ಎರಡು ಸಲ ಕೇಳಿದಳು.

ಡಿಸ್ಚಾರ್ಜ್ ದಿನ ಡಾಕ್ಟರ್ ನನ್ನನ್ನು ಕರೆದು ಹೇಳಿದ್ದು ಇಷ್ಟು: "ಗಾಯಕ್ಕ ಏನ ಹಚ್ಚತೀರಿ ಅನ್ನೂದು ಆಮ್ಯಾಲೆ. ಗಾಯದ ಮ್ಯಾಲಿಂದ ಮೊದಲ ಭಾರ ತಗೀರಿ."

ಲೆಕ್ಕ ಹಾಕಿ ನೋಡಿ. ಹೊಲಕ್ಕೆ ಹೋಗಿ ಬರೋ ಮನುಷ್ಯ ದಿನಕ್ಕೆ 6 ಸಾವಿರ ಹೆಜ್ಜೆ ಇಟ್ಟ ಅಂದರೆ 3 ಸಾವಿರ ಸಲ ಆ ಹುಣ್ಣಿನ ಮೇಲೆ ಮೈಭಾರ ಬಿತ್ತು. ರಾತ್ರಿ ಕೂಡಿಕೊಂಡ ಹೊಸ ಮಾಂಸವನ್ನು ಹಗಲು ತುಳಿದು ಸಾಯಿಸೋದು. ನಾನು ಕಳಿಸಿದ ಬೆಳ್ಳಿಯ ಡ್ರೆಸಿಂಗ್ ಮೇಲೂ ಅಪ್ಪ ಅಷ್ಟೇ ಶ್ರದ್ಧೆಯಿಂದ ನಡೆದಿದ್ದ. ನಮಗೆ ನಿಮಗೆ ಹೀಗೆ ಹುಣ್ಣಾದರೆ ಕುಂಟುತ್ತೇವೆ, ಆ ಕುಂಟುವಿಕೆಯೇ ಅರ್ಧ ಔಷಧಿ. ನೋವಿಲ್ಲದವನು ಕುಂಟುವುದಿಲ್ಲ.

ಇದನ್ನು ಮೊದಲು ಕಂಡುಕೊಂಡವರಲ್ಲಿ ಒಬ್ಬರು ನಮ್ಮ ಪಕ್ಕದ ರಾಜ್ಯದಲ್ಲಿ ಕೆಲಸ ಮಾಡಿದವರು. ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರಚಿಕಿತ್ಸಕರು. ಕುಷ್ಠರೋಗಿಗಳ ಕೈಕಾಲು ತಾವಾಗಿ ಕೊಳೆತು ಉದುರುವುದಿಲ್ಲ, ನೋವು ಗೊತ್ತಾಗದೆ ಆಗೋ ಗಾಯಗಳಿಂದ ಹಾಳಾಗುತ್ತವೆ ಅಂತ ತೋರಿಸಿದವರು. ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಅಲ್ಲೇ ರೂಪುಗೊಂಡಿತು. ಆಮೇಲೆ ಅವರು ಅಮೆರಿಕದ ಕಾರ್ವಿಲ್‌ಗೆ ಹೋದಾಗ ಸಕ್ಕರೆ ಕಾಯಿಲೆಯವರ ಪಾದದಲ್ಲೂ ಅದೇ ಕಥೆ ಕಂಡರು. ಅಲ್ಲಿ ಅವರ ತಂಡ ಕೃತಕ ನೋವಿನ ಯಂತ್ರವನ್ನೇ ಮಾಡಲು ಹೊರಟಿತ್ತು. ಒತ್ತಡ ಹೆಚ್ಚಾದರೆ ಸೆನ್ಸರ್ ಎಚ್ಚರಿಸಬೇಕು. ಸದ್ದು ಮಾಡಿದರೆ ಜನ ಲಕ್ಷ್ಯ ಕೊಡಲಿಲ್ಲ. ಶಾಕ್ ಕೊಟ್ಟರೆ, ಕೆಲಸಕ್ಕೆ ಅಡ್ಡಿಯಾದಾಗ ಸ್ವಿಚ್ ಆಫ್ ಮಾಡಿ ಮುಂದುವರಿದರು. ಕೊನೆಗೆ ಯೋಜನೆ ಕೈಬಿಟ್ಟರು. ರಾತ್ರಿ ಪಾಳಿಯಲ್ಲಿ ಸರ್ವರ್ ಅಲರ್ಟ್ ಮ್ಯೂಟ್ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೋವಿನ ದೊಡ್ಡಸ್ತಿಕೆ ಅಂದರೆ ಅದಕ್ಕೆ ಮ್ಯೂಟ್ ಬಟನ್ ಇಲ್ಲ.

ಅಪ್ಪನಿಗೆ ಮೊದಲು ಮೊಣಕಾಲತನಕ ಬರೋ, ಬಿಚ್ಚಿ ಹಾಕಬಹುದಾದ ಬೂಟು ಕೊಟ್ಟರು. ಹದಿನೈದು ದಿನ ಬಿಟ್ಟು ಊರಿಗೆ ಹೋದರೆ ಅದು ಬಾಗಿಲ ಹೊರಗೆ, ಚಪ್ಪಲಿಗಳ ಸಾಲಿನಲ್ಲಿ ನೀಟಾಗಿ ನಿಂತಿತ್ತು.

"ಯಪ್ಪಾ, ಇದನ್ನ ಯಾಕ ಹಾಕ್ಕೊಂಡಿಲ್ಲ?"

"ಹೊರಗ ಹೋಗುವಾಗ ಹಾಕ್ಕೋತೇನಿ. ಮನ್ಯಾಗ ಹ್ಯಾಂಗ ಹಾಕ್ಕೊಳ್ಳೂದೋ? ದೇವರ ಜಗಲಿ ಐತಿ, ಅಡಗಿಮನಿ ಐತಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯೊಳಗೆ ಚಪ್ಪಲಿ ಹಾಕಬಾರದು ಅಂತ ನನಗೆ ಕಲಿಸಿದವನೇ ಅವನು. ಇದು ಹಳ್ಳಿಯವರ ಹಟ ಅಂತಲೂ ಅಂದುಕೊಳ್ಳಬೇಡಿ. 2003ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ಮಾಡಿದ್ದರು. ರೋಗಿಗಳ ಮೈಮೇಲೊಂದು, ಬೂಟಿನಲ್ಲಿ ಗುಟ್ಟಾಗಿ ಇನ್ನೊಂದು, ಹೆಜ್ಜೆ ಎಣಿಸೋ ಯಂತ್ರ ಇಟ್ಟು ನೋಡಿದರೆ, ದಿನದ ಓಡಾಟದಲ್ಲಿ ಬೂಟು ಕಾಲಲ್ಲಿದ್ದದ್ದು ಶೇ. 28ರಷ್ಟು ಮಾತ್ರ. ಅವರ ಮನೆಯಲ್ಲಿ ದೇವರ ಜಗಲಿ ಇರಲಿಕ್ಕಿಲ್ಲ. ಬಿಚ್ಚಲು ಬರುತ್ತದೆ ಅಂದರೆ ಮನುಷ್ಯ ಬಿಚ್ಚುತ್ತಾನೆ. ಅದಕ್ಕೇ ಅಂಗಾಲಿನ ಇಂಥ ಹುಣ್ಣಿಗೆ, ಸೋಂಕು ಹತೋಟಿಗೆ ಬಂದಿದ್ದು ರಕ್ತ ಸಂಚಾರ ಚೆನ್ನಾಗಿದ್ದರೆ, ಬಿಚ್ಚಲು ಬಾರದ ಕಟ್ಟು ಹಾಕೋದು ಮೊದಲ ಆಯ್ಕೆ ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತವೆ. ಪಾದದ ಆಕಾರಕ್ಕೆ ಅಂಟಿಕೊಂಡಂತೆ ಮೊಣಕಾಲ ಕೆಳಗಿನತನಕ ಪ್ಲಾಸ್ಟರ್. ಭಾರ ಇಡೀ ಪಾದಕ್ಕೆ, ಮೀನಖಂಡಕ್ಕೆ ಹಂಚಿಹೋಗುತ್ತದೆ, ಹುಣ್ಣಿನ ಮೇಲೊಂದಕ್ಕೇ ಬೀಳುವುದಿಲ್ಲ. ವಾರಕ್ಕೊಮ್ಮೆ ಬಿಚ್ಚಿ, ನೋಡಿ, ಹೊಸದು ಹಾಕುತ್ತಾರೆ.

ಅಪ್ಪನಿಗೆ ಅದನ್ನು ಹಾಕಿಸಿದೆವು. ಸಮಸ್ಯೆ ಮುಗಿಯಿತು ಅಂದುಕೊಂಡೆ. ಮೂರನೇ ವಾರ ಅವ್ವನ ಫೋನು: "ಪ್ಲಾಸ್ಟರ್ ತುಂಬ ಎರಿ ಮಣ್ಣ ಆಗೈತಿ ನೋಡಪಾ."

ಕಡ್ಲಿ ಬಿತ್ತೋ ಹೊತ್ತು. ಪಕ್ಕದ ಹೊಲದವರ ಟ್ರ್ಯಾಕ್ಟರ್ ಹತ್ತಿ 'ಬರೀ ನೋಡಾಕ' ಹೋಗಿದ್ದನಂತೆ. ನೋಡಾಕ ಹೋದವನು ಇಳಿದಿದ್ದಾನೆ, ಸಾಲಿನಲ್ಲಿ ನಡೆದಿದ್ದಾನೆ. ನಾನು ಫೋನಿನಲ್ಲಿ ಕೂಗಾಡಿದೆ. ಕಾಲೇ ಹೋಗುತ್ತದೆ ಅಂದೆ. ನನ್ನ ರಜೆ, ನನ್ನ ದುಡ್ಡು ಅಂತಲೂ ಅಂದೆ. ಅದನ್ನು ಅನ್ನಬಾರದಿತ್ತು.

ಅಪ್ಪ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಹೇಳಿದ: "ಕಾಲ ಯಾಕ ಬೇಕೋ ತಮ್ಮಾ? ಹೊಲಕ್ಕ ಹೋಗಾಕ ಬೇಕು. ಹೊಲಕ್ಕ ಹೋಗಬ್ಯಾಡ ಅಂದ ಮ್ಯಾಲ ಕಾಲ ಇಟಗೊಂಡು ಏನ ಮಾಡ್ಲಿ?"

ಈ ಪ್ರಶ್ನೆಗೆ ಯಾವ ಮಾರ್ಗಸೂಚಿಯಲ್ಲೂ ಉತ್ತರ ಇಲ್ಲ. 'ವಿಶ್ರಾಂತಿ ತಗೊಳ್ರಿ' ಅಂತ ಚೀಟಿಯಲ್ಲಿ ಬರೆಯೋದು ಸುಲಭ. ವಿಶ್ರಾಂತಿ ಅಂದರೆ ಅಪ್ಪನಿಗೆ ಓಣಿಯವರೆಲ್ಲ ಹೊಲಕ್ಕೆ ಹೋಗೋದನ್ನು ಕುರ್ಚಿಯಲ್ಲಿ ಕೂತು ನೋಡೋದು. ನಾನು ಎರಡು ದಿನ ಫೋನ್ ಮಾಡಲಿಲ್ಲ, ಅವನೂ ಮಾಡಲಿಲ್ಲ.

ದಾರಿ ತೋರಿಸಿದ್ದು ನಾನಲ್ಲ, ಊರು. ನಮ್ಮ ಸೀಮೆಗೆ ಸಹಕಾರ ಹೊಸದಲ್ಲ. 1905ರಲ್ಲಿ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಹುಲಕೋಟಿಯಲ್ಲಿ ಕೆ. ಎಚ್. ಪಾಟೀಲರು ಸಹಕಾರಿ ನೂಲಿನ ಗಿರಣಿಯವರೆಗೆ ಅದನ್ನು ಬೆಳೆಸಿದರು. ಸಾಲ, ಬೀಜ, ನೂಲು ಎಲ್ಲದಕ್ಕೂ ಕೂಡಿ ಕೆಲಸ ಮಾಡಿದ ಊರು. ಅಪ್ಪನ ವಯಸ್ಸಿನ ಮೂವರು ಬಂದು, "ನೀ ಕುಂತ ಹೇಳು, ನಾವು ಬಿತ್ತತೇವಿ" ಅಂದರು. ಅವರಲ್ಲೊಬ್ಬರ ಮಗ ಹೊಲದಿಂದ ವಿಡಿಯೊ ಕಾಲ್ ಮಾಡುತ್ತಿದ್ದ. ಅಪ್ಪ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು, "ಏ, ಆ ಬದುವಿನ ಕಡೆ ತೋರ್ಸೋ... ಕೂರಿಗಿ ಸ್ವಲ್ಪ ಮ್ಯಾಲ ಆತು" ಅಂತ ಒದರುತ್ತಿದ್ದ. ನನಗೆ ಫೋನ್ ಮಾಡಿ, "ನಂದೂ ಈಗ ನಿನ್ನಂಗ ವರ್ಕ್ ಫ್ರಮ್ ಹೋಮ್" ಅಂದ. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ಹುಣ್ಣು ಮಾಯಲು ಒಂಬತ್ತು ವಾರ ಹಿಡಿಯಿತು. ವಾರವಾರ ಪ್ಲಾಸ್ಟರ್ ಬದಲಿಸುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುತ್ತಿದ್ದರು. ಶೀಟಿಗೆ ಹೊಸ ಕಾಲಮ್ ಬಂತು: ಉದ್ದ, ಅಗಲ. ಕೊನೆಯ ಸಾಲಿನಲ್ಲಿ ಎರಡೂ ಸೊನ್ನೆ.

ಮಾಯುವುದು ಅಂದರೆ ವಾಸಿಯಾಗೋದಲ್ಲ ಅನ್ನೋದನ್ನೂ ಡಾಕ್ಟರ್ ಹೇಳಿದರು. ಮಾಯ್ದ ಮೇಲೆ ಒಂದು ವರ್ಷದೊಳಗೆ ನೂರರಲ್ಲಿ ಸುಮಾರು 40 ಜನಕ್ಕೆ ಹುಣ್ಣು ಮರಳಿ ಬರುತ್ತದೆ. ನರ ಹಾಗೇ ಸತ್ತಿರುತ್ತದಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಈಗ ಕೆಲವು ಪದ್ಧತಿಗಳಿವೆ. ಅಪ್ಪನಿಗೆ ಎರಡು ಜೊತೆ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ. ಒಂದು ಹೊರಗಿನದು, ಇನ್ನೊಂದು ಹೊಸ್ತಿಲು ದಾಟಿ ಹೊರಗೆ ಹೋಗದ ಮನೆಯದ್ದು. "ಇದು ಚಪ್ಪಲ್ ಅಲ್ಲ, ಕಾಲಿನ ಔಷಧಿ" ಅಂತ ಅವ್ವನೇ ತೀರ್ಪು ಕೊಟ್ಟಳು, ದೇವರ ತಕರಾರು ಬಂದಿಲ್ಲ. ಹಾಕೋ ಮೊದಲು ಚಪ್ಪಲಿ ಝಾಡಿಸಿ ಒಳಗೆ ಕೈಯಾಡಿಸಬೇಕು. ಸ್ನಾನದ ನೀರು ಮೊದಲು ಅವ್ವ ಮುಟ್ಟಬೇಕು, ಅಪ್ಪನ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಬೆರಳ ಸಂದು ಒಣಬಟ್ಟೆಯಲ್ಲಿ ಒರೆಸಬೇಕು. ಕೊಬ್ಬರಿ ಎಣ್ಣೆ ಪಾದಕ್ಕೆ ಹಚ್ಚಬಹುದು, ಸಂದಿಗೆ ಬೇಡ. ಉಗುರು ನೇರ ಕತ್ತರಿಸಬೇಕು. ಆಣಿಗೆ ಮನೆಯ ಬ್ಲೇಡು, ಅಂಗಡಿಯ ಆಣಿಪಟ್ಟಿ ಎರಡೂ ನಿಷಿದ್ಧ. ಮಲಗೋ ಮೊದಲು ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಬೇಕು. ಕೆಂಪು, ಬಾವು, ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಅನ್ನಿಸೋದು, ಕೀವು, ಕಪ್ಪು ಬಣ್ಣ, ಜ್ವರ, ಇದರಲ್ಲಿ ಏನೇ ಕಂಡರೂ ಅವತ್ತೇ ಆಸ್ಪತ್ರೆ. ನಾಳೆ ನೋಡೋಣ ಅನ್ನೋ ಮಾತಿಲ್ಲ.

ಮತ್ತೆ ನನ್ನದೊಂದು ಪದ್ಧತಿ. ಊರಿಗೆ ಹೋದಾಗ, ಊರಿಂದ ಹೊರಡುವಾಗ ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡೋದು ಸಣ್ಣವನಿದ್ದಾಗಿಂದ ರೂಢಿ. ಎಷ್ಟು ಸಲ ಮುಟ್ಟಿರಬಹುದು! ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಂಡು, ಏಳೋದು. ಒಂದು ಸಲವೂ ನೋಡಿರಲಿಲ್ಲ. ಈಗ ಕೂತು ಮುಟ್ಟುತ್ತೇನೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಢಿಗೆ ತಂದ ಪರೀಕ್ಷೆಯೊಂದಿದೆ. ಯಾವ ಉಪಕರಣವೂ ಬೇಡ. ಕಣ್ಣು ಮುಚ್ಚಲು ಹೇಳಿ, ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಕಚಗುಳಿ ಇಡಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗಲಿಲ್ಲ ಅಂದರೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ಡಾಕ್ಟರಿಗೆ ತೋರಿಸಬೇಕು. ಒಂದು ನಿಮಿಷದ ಕೆಲಸ. ಎರಡು ವರ್ಷ ಮೊದಲು, ಹತ್ತಿಯ ಮಾತು ಕೇಳಿ ನಕ್ಕ ದಿನ, ಈ ಒಂದು ನಿಮಿಷ ನನ್ನ ಹತ್ತಿರ ಇತ್ತು.

ಕಳೆದ ದೀಪಾವಳಿಗೆ ಹೋದಾಗ ನಮ್ಮ ಕಟ್ಟೆಯ ಮೇಲೆ ಶುಗರ್ ಇರೋ ಆರು ಜನ ಕೂತಿದ್ದರು. ಒಬ್ಬೊಬ್ಬರದೇ ಪಾದ ಹಿಡಿದೆ. ಮೊದಲು ಎಲ್ಲರೂ ಕಾಲು ಎಳೆದುಕೊಂಡರು. "ಏ, ಇಂಜಿನೇರ್ ಆಗಿ ನಮ್ಮ ಕಾಲ ಹಿಡೀತೀಯೇನೋ" ಅಂತ ನಗಾಡಿದರು. ಅಪ್ಪನ ಹೊಲ ಬಿತ್ತಿಕೊಟ್ಟ ಮೂವರಲ್ಲಿ ಒಬ್ಬ ಕಾಕಾ ಕೊನೆಯವರು. ಆರೂ ಬೆರಳು ಮುಟ್ಟಿ ಮುಗಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

ಅಪ್ಪ ನನ್ನ ಮುಖ ನೋಡಿದ. ಎದ್ದು ಒಳಗೆ ಹೋಗಿ, ತನ್ನ ಹೊರಗಿನ ಚಪ್ಪಲಿ ತಂದು ಕಾಕಾನ ಮುಂದಿಟ್ಟ. "ಅಳತಿ ಸರಿ ಆಗತೈತೇನ ನೋಡು. ಇಲ್ಲಂದ್ರ ನಾಳೆ ಹುಬ್ಬಳ್ಳಿಗೆ ಕೂಡೇ ಹೋಗೂಣು" ಅಂದ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಅಂದರೆ ಇದನ್ನು ಓದುತ್ತಿರೋ ನಿಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮನೂ ಅದರಲ್ಲಿದ್ದಾರೆ. ಅವರ ಶುಗರ್ ನಂಬರ್ ನಿಮಗೆ ಬಾಯಿಪಾಠ ಇರಬಹುದು. ಮುಂದಿನ ವಿಡಿಯೊ ಕಾಲ್‌ನಲ್ಲಿ ಮುಖ ನೋಡಿದ ಮೇಲೆ, ಫೋನ್ ಸ್ವಲ್ಪ ಕೆಳಗೆ ಹಿಡಿಯಲು ಹೇಳಿ. ಬೈಯುತ್ತಾರೆ. ನಮ್ಮಪ್ಪನೂ ಬೈದ. ಈಗ ಭಾನುವಾರ ಫೋನ್ ಹಚ್ಚಿದರೆ ನಾನು ಕೇಳೋ ಮೊದಲೇ ಅಂಗಾಲು ತೋರಿಸುತ್ತಾನೆ, ಮುಖ ಆಮೇಲೆ.